ಮೂಸದೆ ನಂಬದ ಮೇಡಂ

ಅವರು ಯಾವ ಕಾಫಿಯನ್ನೂ ಮೂಸಿ ನೋಡದೆ ಕುಡಿದವರಲ್ಲ. ತಾಂಡ್ಯದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಲೋಟ ಕೈಗೆ ಬಂದ ತಕ್ಷಣ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದು, ಚಿಕೋರಿ ಜಾಸ್ತಿ ಮಾಡಿದ್ದೀಯ ಅಂತ ಹೇಳಿ ಆಮೇಲೆ ಕುಡಿಯೋರು. ಕ್ಯಾಂಟೀನಿನವನು ದಿನಾ ಇಲ್ಲ ಮೇಡಂ ಅನ್ನೋನು. ಅವರು ದಿನಾ "ಇರಬಹುದು, ನೋಡೋಣ" ಅನ್ನೋರು. ನಾನು ಅಲ್ಲಿ ಡಿಸ್‌ಪ್ಯಾಚ್ ಸೆಕ್ಷನ್ನಿಗೆ ಸೇರಿದಾಗಿನಿಂದ ಅವರು ರಿಟೈರ್ ಆಗುವವರೆಗೂ ಈ ನಾಟಕಕ್ಕೆ ಒಂದು ದಿನವೂ ರಜೆ ಇರಲಿಲ್ಲ.

ರಿಟೈರ್ ಆದ ದಿನ ಕಂಪನಿಯವರು ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಇವರು ಗಡಿಯಾರವನ್ನು ತಿರುಗಿಸಿ, ಹಿಂದಿನ ಮುಚ್ಚಳ ತೆಗೆದು, ಸೆಲ್ ಇದೆಯಾ ಅಂತ ನೋಡಿದರು. ಇರಲಿಲ್ಲ. ಹೇಳಲಿಲ್ಲವಾ ಅನ್ನೋ ಹಾಗೆ ನನ್ನ ಕಡೆ ನೋಡಿದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆ.

ಹೋದ ತಿಂಗಳು ತೀರಿಕೊಂಡರು. ಜ್ವರ ಅಂತ ಮೈಸೂರಿನ ಆಸ್ಪತ್ರೆಗೆ ಸೇರಿದವರು ವಾಪಸ್ಸು ಬರಲಿಲ್ಲ. ಡ್ರಿಪ್ ಹಾಕೋಕೆ ಬಂದ ನರ್ಸಿನ ಕೈಯಲ್ಲಿ ಬಾಟಲಿಯ ಮೇಲಿನ ತಾರೀಖು ಓದಿಸಿದ ಮೇಲೇ ಕೈ ಚಾಚಿದರಂತೆ, ಅವರ ತಮ್ಮ ಹೇಳಿದರು. ಸಾವಿನ ಮನೆಯಲ್ಲಿ ನಗಬಾರದು, ನನಗೆ ನಗು ಬಂದುಬಿಟ್ಟಿತು. ಆಮೇಲೆ ಅವರ ಮನೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಚೆನ್ನಾಗಿ ಅತ್ತೆ.

ಹೆಸರು ಬರೆಯೋದಿಲ್ಲ. ಬರೆದರೆ ಅವರ ಪ್ರಶ್ನೆ ಎಲ್ಲಿಂದಲಾದರೂ ಬಂದೇ ಬರುತ್ತೆ: ನನ್ನ ಹೆಸರು ಹಾಕೋಕೆ ನಿಮಗೆ ಯಾರು ಹೇಳಿದ್ದು? ಅದು ಅವರ ಎರಡನೇ ಮಂತ್ರ. ಯಾರು ಏನೇ ಹೇಳಲಿ, ಯಾರು ಹೇಳಿದ್ದು ಅನ್ನೋರು. ಇಂಥವರು ಅಂದರೆ, ಅವರಿಗೆ ಯಾರು ಹೇಳಿದ್ದು ಅನ್ನೋರು. ಅಷ್ಟರಲ್ಲಿ ಹೇಳಿದವನಿಗೆ ತಾನು ಯಾಕಾದರೂ ಬಾಯಿಬಿಟ್ಟೆನೋ ಅನ್ನಿಸಿರುತ್ತಿತ್ತು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಮೇಡಂ. ಬೆನ್ನ ಹಿಂದೆ ಅನುಮಾನದಮ್ಮ. ಆ ಹೆಸರಿಟ್ಟವಳು ನಾನೇ, ಈಗಲೂ ಅದರಲ್ಲಿ ತಪ್ಪೇನೂ ಕಾಣೋದಿಲ್ಲ.

ನಮ್ಮದು ಗಿಡಮೂಲಿಕೆಯ ಸಾರ ತೆಗೆಯುವ ಕಾರ್ಖಾನೆ. ಸೊಪ್ಪು, ಬೇರು, ಬೀಜ ಮೂಟೆಯಲ್ಲಿ ಬರುತ್ತೆ, ಪುಡಿಯಾಗಿ, ಕ್ಯಾಪ್ಸೂಲಾಗಿ ಹೋಗುತ್ತೆ. ಮೇಡಂ ಅಲ್ಲಿ ಕ್ವಾಲಿಟಿ ಸೆಕ್ಷನ್ನಿನ ಮುಖ್ಯಸ್ಥರು. ಚಿಕ್ಕಯ್ಯನಛತ್ರದ ಕಡೆಯ ರೈತರ ಮನೆಯ ಹೆಣ್ಣುಮಗಳು, ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿದವರು, ನಂಜನಗೂಡಿನಲ್ಲಿ ತಮ್ಮನ ಮನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿತ್ತು, ಗಂಡ ಬೇರೆ ಇದ್ದರು. ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಲ್ಯಾಬಿನಲ್ಲಿ ಏನೇನೋ ಮಿಷನ್ ಇದ್ದರೂ ಮೂಟೆ ಬಂದಾಗ ಮೊದಲು ತಾವೇ ಒಂದು ಎಲೆ ಬಾಯಿಗೆ ಹಾಕಿ ಅಗಿಯೋರು. ಅಗಿದು, ಉಗಿದು, ಇದು ಹೋದ ವರ್ಷದ್ದು ಅಂತ ಹೇಳೋರು. ಸೊಪ್ಪು ತರುವ ಆಟೋದವನು ನನ್ನ ಹತ್ತಿರ ಗೋಳಾಡುತ್ತಿದ್ದ: "ಅಮ್ಮೋರು ಬಾಯಿಗಾಕ್ಕಂಡ್ರು ಅಂದ್ರೆ ಮುಗೀತು ಕಣಕ್ಕ, ವಾಪಸ್ಸೇಯ."

ನನಗೂ ಅವರಿಗೂ ಆಗುತ್ತಿರಲಿಲ್ಲ. ನಾನು ಟೇಪು ಹಚ್ಚಿ ಮುಚ್ಚಿದ ಪೆಟ್ಟಿಗೆಯನ್ನು ಬಂದು ಬಿಚ್ಚಿಸೋರು. ಒಳಗೆ ಸರಿ ಇದ್ದರೂ ಸಮಾಧಾನವಿಲ್ಲ, ಪಕ್ಕದ್ದನ್ನೂ ಬಿಚ್ಚಿಸೋರು. ಅವರೊಬ್ಬರೇ ನಂಜನಗೂಡಿನ ಪೇಟೆಯಲ್ಲಿ ರಸಬಾಳೆ ಅಂತ ಕೂಗುವವನ ಮುಂದೆ ನಿಂತು, ಸಿಪ್ಪೆಯನ್ನು ಉಗುರಿನಿಂದ ಗೀರಿ, ಮೂಸಿ, ಇದು ರಸಬಾಳೆಯೇ ಅಂತ ಪ್ರಮಾಣ ಮಾಡು ಅನ್ನಬಲ್ಲವರು. ಇಷ್ಟು ಅನುಮಾನ ಇರೋರ ಹೊಟ್ಟೆಯಲ್ಲಿ ಏನೋ ಇರಲೇಬೇಕು ಅನ್ನೋದು ನನ್ನ ಲೆಕ್ಕ. ಅವರು ಪ್ರಪಂಚವನ್ನೆಲ್ಲ ಅನುಮಾನಿಸುತ್ತಿದ್ದರು, ನಾನು ಅವರೊಬ್ಬರನ್ನು ಅನುಮಾನಿಸುತ್ತಿದ್ದೆ.

ಇನ್ನು ನನ್ನ ಅಕ್ಕನ ವಿಷಯ ಹೇಳಬೇಕು, ಈ ಕಥೆಯೆಲ್ಲ ಅವಳ ಎದೆಗೆ ಸಂಬಂಧಪಟ್ಟದ್ದು. ಅಕ್ಕನನ್ನು ನರಸೀಪುರದ ಹತ್ತಿರದ ಸೋಸಲೆಗೆ ಕೊಟ್ಟಿದೆ. ಭಾವ ಮೇಷ್ಟರಾಗಿದ್ದವರು, ಈಗ ಪಿಂಚಣಿ. ಮಠ, ಭಜನಾ ಮಂಡಳಿ, ಮಡಿ, ಏಕಾದಶಿ ಎಲ್ಲ ಅಕ್ಕನಿಗೆ ಉಸಿರಾಟದಷ್ಟೇ ಸಹಜ. ನಮ್ಮಮ್ಮನಿಗೆ ಮುಟ್ಟು ನಿಂತ ಸ್ವಲ್ಪ ವರ್ಷಕ್ಕೇ, ಒಂದು ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದವಳು ಎದೆ ಹಿಡಿದುಕೊಂಡು ಹೊಸಿಲ ಮೇಲೆ ಕೂತಳು, ಏಳಲಿಲ್ಲ. ರಕ್ತದಲ್ಲಿ ಕೊಬ್ಬು ಅಂದರು ಆಮೇಲೆ. ಅಕ್ಕನಿಗೂ ಮುಟ್ಟು ನಿಂತಿತು. ಹೊಟ್ಟೆ ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬಂತು. ನರಸೀಪುರದ ಡಾಕ್ಟರು ರಕ್ತ ನೋಡಿ, ಅಮ್ಮನ ಕಥೆ ಕೇಳಿ, ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು, ನಿಲ್ಲಿಸಬೇಡಿ ಅಂದರು. ಆ ನಿಲ್ಲಿಸಬೇಡಿ ಅನ್ನೋ ಮಾತೇ ಎಡವಟ್ಟಾಯಿತು. ಒಂದ್ಸಲ ಶುರು ಮಾಡಿದರೆ ಬಿಡೋ ಹಾಗಿಲ್ಲ ಅಂದರೆ ಅದು ಔಷಧಿಯೋ ಚಟವೋ ಅಂತ ಅಕ್ಕನ ವಾದ. ಮಾತ್ರೆಯ ಪಟ್ಟಿಯನ್ನು ದೇವರ ಗೂಡಿನ ಪಕ್ಕದಲ್ಲಿಟ್ಟಳು. ದಿನಾ ಅದರ ಮುಂದೆ ದೀಪ ಹಚ್ಚುತ್ತಾಳೆ, ನುಂಗೋದಿಲ್ಲ. ನಾನು ಕಾಲಿಗೆ ಬಿದ್ದೆ, ಜಗಳ ಆಡಿದೆ, ಮಾತು ಬಿಟ್ಟೆ. ಊಹೂಂ. ಅಮ್ಮ ಕೂತ ಆ ಹೊಸಿಲು ನನ್ನ ಕಣ್ಣೆದುರಿಗೆ ಬರುತ್ತಲೇ ಇತ್ತು.

ಆ ಸಮಯಕ್ಕೆ ಸರಿಯಾಗಿ ನಮ್ಮ ಕಂಪನಿಯಲ್ಲಿ ಹೊಸ ಕ್ಯಾಪ್ಸೂಲ್ ತಯಾರಾಯಿತು. ಮುಟ್ಟು ನಿಂತ ಹೆಂಗಸರಿಗೆ, ಕೊಬ್ಬು ಇಳಿಸೋದಕ್ಕೆ. ನಮ್ಮ ಬೇಲಿಗಳ ಮೇಲೆ ಹಬ್ಬುವ ಒಂದು ಕಹಿ ಸೊಪ್ಪಿನ ಸಾರ. ಯಾವ ಸೊಪ್ಪು ಅಂತ ಹೇಳೋದಿಲ್ಲ, ಹೇಳಿದರೆ ನಾಳೆಯೇ ನಿಮ್ಮಲ್ಲೊಬ್ಬರು ಬೇಲಿ ಬೋಳಿಸೋಕೆ ಹೊರಡುತ್ತೀರಿ. ಇದು ಮೇಡಂ ಅವರದೇ ಕೂಸು. ಎಷ್ಟೋ ವರ್ಷ ಅದರ ಹಿಂದೆ ಬಿದ್ದಿದ್ದರು. ಊಟದ ಹೊತ್ತಿನಲ್ಲಿ ಹೆಂಗಸರೆಲ್ಲ ಕೂತಾಗ ಅವರೇ ಬಿಡಿಸಿ ಹೇಳಿದ್ದರು: ಮುಟ್ಟು ಬರುವಷ್ಟು ಕಾಲ ಒಂದು ಹಾರ್ಮೋನು ಇರುತ್ತೆ, ಮನೆ ನೋಡಿಕೊಳ್ಳುವ ಯಜಮಾನಿಯ ಹಾಗೆ. ಕೊಬ್ಬನ್ನು ಎಲ್ಲಿಡಬೇಕೋ ಅಲ್ಲಿಡುತ್ತೆ, ಹೆಚ್ಚಾದದ್ದನ್ನು ಪಿತ್ತಕೋಶದ ಕಡೆಗೆ ಸಾಗಹಾಕುತ್ತೆ. ಮುಟ್ಟು ನಿಂತರೆ ಆ ಯಜಮಾನಿ ಮನೆ ಬಿಟ್ಟು ಹೋದ ಹಾಗೆ, ಸಾಮಾನು ಸಿಕ್ಕಸಿಕ್ಕಲ್ಲಿ ಬೀಳುತ್ತೆ, ಹೊಟ್ಟೆಯಲ್ಲಿ, ಪಿತ್ತಜನಕಾಂಗದಲ್ಲಿ, ರಕ್ತದಲ್ಲಿ. ಹೆಣ್ಣು ಇಲಿಗಳ ಅಂಡಾಶಯ ತೆಗೆದು, ಅವಕ್ಕೆ ಈ ಸಾರ ತಿನ್ನಿಸಿ ನೋಡಿದಾಗ ಕೊಬ್ಬು ಸ್ವಲ್ಪ ಇಳಿದಿತ್ತಂತೆ. ನಮ್ಮ ಪ್ಯಾಕಿಂಗ್ ಹುಡುಗಿಯೊಬ್ಬಳು, ಹಾಗಾದ್ರೆ ನಮಗೂ ಇಳಿಯುತ್ತಾ ಮೇಡಂ ಅಂದಳು. ಇರಬಹುದು, ನೋಡೋಣ ಅಂದರು. ಆದರೆ ಆ ದಿನ ಹಾಗಂದಾಗ ಅವರ ಮುಖದಲ್ಲಿ ಏನೋ ಬೇರೆ ಇತ್ತು. ಆಸೆ ಅಂತಲೇ ಅನ್ನಬೇಕು. ನಂಬಬೇಕು ಅನ್ನುವ ಆಸೆ ಆ ಮುಖದ ಮೇಲೆ ನಾನು ಕಂಡದ್ದು ಅದೇ ಮೊದಲು.

ಹೆಂಗಸರ ಮೇಲೆ ಪರೀಕ್ಷೆ ಮಾಡಿ ನೋಡಬೇಕು ಅಂತಾದಾಗ ಮ್ಯಾನೇಜರು ಸೋಸಲೆಯ ಭಜನಾ ಮಂಡಳಿಯನ್ನೂ ಸೇರಿಸಿಕೊಂಡರು. ಒಳ್ಳೆ ಶಿಸ್ತಿನ ಹೆಂಗಸರು, ಹೇಳಿದ್ದನ್ನು ಕೇಳುತ್ತಾರೆ ಅಂತ. ಅಕ್ಕ ತಾನಾಗಿ ಹೆಸರು ಕೊಟ್ಟಳು, ಫಾರಂನಲ್ಲಿ ಹಳೇ ರಿಪೋರ್ಟು, ಡಾಕ್ಟರ ಮಾತ್ರೆ, ಅಮ್ಮನ ಕಥೆ ಎಲ್ಲ ಬರೆಸಿದಳು. ನನಗೆ ಕುಣಿಯೋಷ್ಟು ಖುಷಿ. ಇಂಗ್ಲಿಷ್ ಔಷಧಿ ಬೇಡ ಅನ್ನೋಳು ಸೊಪ್ಪಿನದಾದರೂ ತಗೊಳ್ಳಲಿ, ಅಮ್ಮನ ಹಾಗೆ ಹೋಗದಿದ್ದರೆ ಸಾಕು. ಅಷ್ಟರಲ್ಲಿ ಮೇಡಂ ನನ್ನನ್ನು ಗೋಡೌನಿನ ಮೂಲೆಗೆ ಕರೆದರು. ನಿಮ್ಮಕ್ಕನಿಗೆ ಕೊಬ್ಬು ಬಹಳ ಜಾಸ್ತಿ ಇದೆ, ತಾಯಿ ಬೇರೆ ಹಾಗೆ ಹೋಗಿದ್ದಾರೆ, ಅವರಿಗೆ ನಮ್ಮ ಕ್ಯಾಪ್ಸೂಲ್ ಬೇಡ, ಡಾಕ್ಟರು ಕೊಟ್ಟ ಮಾತ್ರೆ ನುಂಗಿಸಿ ಅಂದರು. ಮ್ಯಾನೇಜರಿಗೂ ಹೇಳಿದರಂತೆ, ಅವರು ಕೇಳಲಿಲ್ಲವಂತೆ.

ನನ್ನ ತಲೆಯಲ್ಲಿ ಹುಳ ಹೊಕ್ಕಿತು. ತಾನೇ ಮಾಡಿದ್ದನ್ನು ತಾನೇ ಬೇಡ ಅನ್ನೋದು ಅಂದರೇನು? ಅಂಗಡಿಯವನೇ ನಮ್ಮಲ್ಲಿ ಕೊಳ್ಳಬೇಡಿ ಅಂದರೆ ಏನರ್ಥ? ಅದೇ ವಾರ ಇನ್ನೊಂದು ಕಂಡೆ. ಕ್ಯಾಂಟೀನಿನಲ್ಲಿ ಅವರು ಬ್ಯಾಗಿನಿಂದ ಕರ್ಚೀಫು ತೆಗೆಯುವಾಗ ಒಂದು ಮಾತ್ರೆ ಪಟ್ಟಿ ಈಚೆ ಬಿತ್ತು. ಥಟ್ಟನೆ ಎತ್ತಿ ಒಳಗೆ ಹಾಕಿಕೊಂಡರು. ಆದರೆ ಆ ಪಟ್ಟಿಯ ಬಣ್ಣ ನನಗೆ ಚೆನ್ನಾಗಿ ಗೊತ್ತು. ಅಕ್ಕನ ದೇವರ ಗೂಡಿನ ಪಕ್ಕ ದೀಪ ಹಚ್ಚಿಸಿಕೊಳ್ಳುತ್ತಿದ್ದದ್ದು ಅದೇ. ಅಲ್ಲ, ಊರಿಗೆಲ್ಲ ಸೊಪ್ಪಿನ ಕ್ಯಾಪ್ಸೂಲ್ ಮಾಡಿಕೊಟ್ಟು ತಾವು ಮಾತ್ರ ಗುಟ್ಟಾಗಿ ಡಾಕ್ಟರ ಮಾತ್ರೆ! ಹೇಗಿದೆ ನೋಡಿ ಅಂತ ಪ್ಯಾಕಿಂಗ್ ಸೆಕ್ಷನ್ನಿಗೆಲ್ಲ ಸಾರಿಕೊಂಡು ಬಂದೆ.

ಸೋಸಲೆಯ ಮೀಟಿಂಗ್ ಭಾವನ ಮನೆ ಹಜಾರದಲ್ಲೇ ಆಯಿತು. ಆಷಾಢ ಹುಟ್ಟಿ ಹತ್ತು ದಿನವಾಗಿತ್ತು. ಮೇಡಂ ಆವತ್ತು ಬಂದಿರಲಿಲ್ಲ, ಯಾವುದೋ ಮೂಟೆ ತಕರಾರಿನಲ್ಲಿ ಸಿಕ್ಕಿಕೊಂಡಿದ್ದರು. ಮ್ಯಾನೇಜರು ಬೇರೆ ಊರಿನವರು, ಮಾತು ಬೆಣ್ಣೆ. ಹೆಂಗಸರು ಕ್ಯಾಪ್ಸೂಲನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುತ್ತಾ, ಇದರಿಂದ ಉಷ್ಣ ಆಗುತ್ತಾ, ಏನಾದರೂ ಅಡ್ಡಪರಿಣಾಮ ಇದೆಯಾ ಅಂತ ಕೇಳಿದರು. ಅವರು ಕೈಮುಗಿದು, ಔಷಧಿಯೇ ಅಲ್ಲ ತಾಯಂದಿರೇ, ನಿಮ್ಮ ಬೇಲಿಯ ಸೊಪ್ಪು, ಬರೀ ಸೊಪ್ಪು ಅಂದರು. ಎಲ್ಲರೂ ತಲೆದೂಗಿದರು. ನಾನೂ ತೂಗಿದೆ. ಮೊದಲ ಸಲದ ರಕ್ತ ತೆಗೆದುಕೊಂಡು ಹೋದರು.

ಒಂದು ತಿಂಗಳಾದ ಮೇಲೆ ಮತ್ತೆ ರಕ್ತ ತೆಗೆದರು. ರಿಪೋರ್ಟು ಬಂತು ನೋಡಿ. ಸೋಸಲೆಯ ಒಬ್ಬೊಬ್ಬರದೂ ಇಳಿದಿದೆ. ಬೇರೆ ಊರಿನ ಹೆಂಗಸರಲ್ಲಿ ಒಬ್ಬರಿಗೆ ಏರಿ ಒಬ್ಬರಿಗೆ ಇಳಿದು ಹೇಗೆ ಹೇಗೋ ಇದ್ದರೆ, ಸೋಸಲೆಯವರದು ಮಾತ್ರ ಎಲ್ಲರದೂ ಇಳಿದಿದೆ. ಅಕ್ಕನದು ಎಲ್ಲರಿಗಿಂತ ಚೆನ್ನಾಗಿ. ನನಗೆ ಕಣ್ಣಲ್ಲಿ ನೀರು ಬಂತು. ಮ್ಯಾನೇಜರು ಮೈಸೂರು ಪಾಕು ತರಿಸಿದರು. ಮೇಡಂ ಅದನ್ನು ಮೂಸಿ ಕಾಗದದ ಮೇಲೆ ಹಾಗೇ ಇಟ್ಟರು. ಇಷ್ಟು ಬೇಗ ಇಳಿಯೋದಿಲ್ಲ, ಇಲಿಗಳಲ್ಲೂ ಹೀಗೆ ಇಳಿದಿರಲಿಲ್ಲ ಅಂದರು. ನನಗೆ ಪಿತ್ತ ನೆತ್ತಿಗೇರಿತು. ನನ್ನ ಅಕ್ಕ ಬದುಕಿಕೊಂಡಳಲ್ಲ ಅನ್ನೋ ಸಂತೋಷ ಒಂದು ಗಳಿಗೆಯಾದರೂ ನನಗೆ ಬೇಡವೇ? ತಮ್ಮ ಕೂಸು ನಡೆದರೂ ಕಾಲು ಸೊಟ್ಟ ಅನ್ನೋ ತಾಯಿಯನ್ನು ನಾನು ಅದುವರೆಗೂ ನೋಡಿರಲಿಲ್ಲ. ಅದರ ಜೊತೆಗೆ ಒಂದು ಸುದ್ದಿ ಹರಿದಾಡುತ್ತಿತ್ತು, ಮೇಡಂ ಇನ್ನೊಂದು ಕಂಪನಿಗೆ ಹೋಗುತ್ತಾರಂತೆ, ಈ ಕ್ಯಾಪ್ಸೂಲನ್ನು ಇಲ್ಲಿ ಕೆಡಿಸಿ ಅಲ್ಲಿ ಮಾಡುತ್ತಾರಂತೆ ಅಂತ. ಸುಳ್ಳೇ ಇರಬಹುದು, ಆದರೆ ನನಗೆ ಬೇಕಾಗಿದ್ದ ಸುಳ್ಳು.

ಶನಿವಾರ ಸಂಜೆ ಅವರು ಆಟೋದವನ ಹತ್ತಿರ ನಾಳೆ ನರಸೀಪುರದ ಮೊದಲ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ್ದು ನನ್ನ ಕಿವಿಗೆ ಬಿತ್ತು. ಭಾನುವಾರ ಆ ಕಡೆ ಅವರಿಗೇನು ಕೆಲಸ? ಅಕ್ಕನ ಮನೆಗೇ ಹೊರಟಿದ್ದಾರೆ, ಏನೋ ಕಿತಾಪತಿ ಮಾಡುತ್ತಾರೆ ಅನ್ನಿಸಿತು. ಬೆಳಿಗ್ಗೆ ನಾನೂ ತಲೆ ಮೇಲೆ ಸೆರಗು ಹೊದ್ದುಕೊಂಡು ನಂಜನಗೂಡು ಬಸ್ ಸ್ಟ್ಯಾಂಡಿಗೆ ಹೋದೆ. ಹೆಂಗಸರಿಗೆ ಫ್ರೀ ಆದಮೇಲೆ ಭಾನುವಾರದ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಸಿಕ್ಕಿದರೆ ಪುಣ್ಯ. ಹಿಂದಿನ ಬಾಗಿಲಿನಿಂದ ಹತ್ತಿ ಕಂಬದ ಮರೆಯಲ್ಲಿ ನಿಂತೆ. ಮುಂದಿನಿಂದ ಅವರ ದನಿ ಬಂತು: "ಬನ್ರೀ, ಇಲ್ಲಿ ಬ್ಯಾಗಿಟ್ಟು ನಿಮಗೆ ಸೀಟು ಹಿಡಿದಿದ್ದೀನಿ." ನಾನು ಹಿಂಬಾಲಿಸುತ್ತೀನಿ ಅನ್ನೋ ಅನುಮಾನ ಅವರಿಗೆ ಮೊದಲೇ ಇತ್ತು. ಸುತ್ತೂರು ದಾಟುವವರೆಗೂ ನಾನು ಕಿಟಕಿಯಿಂದ ಆಚೆ ಭತ್ತದ ಗದ್ದೆ ನೋಡುತ್ತಾ ಕೂತೆ. ಅವರು ಬ್ಯಾಗಿನಿಂದ ಚಕ್ಕುಲಿ ತೆಗೆದು ಮೂಸಿ, ಮುರಿದು, ಅರ್ಧ ನನ್ನ ಕೈಗಿಟ್ಟರು.

ಸೋಸಲೆಯಲ್ಲಿ ಭಾವ ಹಜಾರದಲ್ಲಿ ಕುರ್ಚಿ ಹಾಕಿದರು. ಅಕ್ಕ ಮಡಿಯಲ್ಲಿದ್ದಳು, ಅಡುಗೆಮನೆ ಬಾಗಿಲಲ್ಲೇ ನಿಂತು ಮಾತಾಡಿಸಿದಳು. ಕಾರ್ಖಾನೆಯ ಮೇಡಂ ಬಂದಿದ್ದಾರೆ ಅಂತ ಗೊತ್ತಾಗಿ ಮಂಡಳಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಚಾಪೆ ಮೇಲೆ ಕೂತರು. ಮೇಡಂ ಕ್ಯಾಪ್ಸೂಲಿನ ಮಾತೇ ಎತ್ತಲಿಲ್ಲ. ಮಳೆ, ಬೆಳೆ, ಮಕ್ಕಳು ಮರಿ ಎಲ್ಲ ವಿಚಾರಿಸಿ, ಯಾವುದೋ ಮಾತಿನ ನಡುವೆ, ನುಂಗಿದ ಮೇಲೆ ತೇಗು ಬರುತ್ತಲ್ಲ, ಅದು ಯಾವ ವಾಸನೆ ಬರುತ್ತೆ ನಿಮಗೆ ಅಂತ ಕೇಳಿದರು. ಒಬ್ಬರು ತುಳಸಿ ವಾಸನೆ ಅಂದರು. ಇನ್ನೊಬ್ಬರು ಅಂಥದ್ದೇನೂ ಇಲ್ಲಪ್ಪ ಅಂದರು. ಮೂಲೆಯಲ್ಲಿದ್ದ ಅಜ್ಜಿ ಏಲಕ್ಕಿ ಅಂದಿತು. ಅಕ್ಕ ಬಾಗಿಲಿಂದಲೇ, ಘಮ್ ಅನ್ನುತ್ತೆ ಮೇಡಂ ಅಂದಳು.

ಮೇಡಂ ಬ್ಯಾಗಿನಿಂದ ಒಂದು ಕ್ಯಾಪ್ಸೂಲ್ ತೆಗೆದರು. ನೀರಿನ ಜೊತೆ ನುಂಗಿದರು. ಮತ್ತೆ ಮಾತಿಗೆ ಶುರು ಮಾಡಿದರು, ಭಾವನ ಪಿಂಚಣಿ, ಮಠದ ಗೋಶಾಲೆ. ಸ್ವಲ್ಪ ಹೊತ್ತಾಗಿರಬೇಕು, ಅವರಿಗೆ ತೇಗು ಬಂತು. ತಡೆಯಲಿಲ್ಲ, ಬಾಯಿಗೆ ಕೈ ಅಡ್ಡ ಇಡಲಿಲ್ಲ. ಕೊಳೆತ ಮೂಲಂಗಿಯನ್ನು ಬಿಸಿಲಲ್ಲಿ ಬಿಟ್ಟ ಹಾಗೆ ಒಂದು ನಾತ ಹಜಾರದ ತುಂಬಾ ಹಬ್ಬಿತು. ಚಾಪೆಯ ಮೇಲಿದ್ದವರೆಲ್ಲ ಸೆರಗು ಮೂಗಿಗೆ ತಂದುಕೊಂಡರು. ಭಾವ ಎದ್ದು ಕಿಟಕಿ ತೆರೆದರು.

"ಇದು ಆ ಕ್ಯಾಪ್ಸೂಲಿನ ತೇಗು" ಅಂದರು ಮೇಡಂ. "ನಿಮ್ಮಲ್ಲಿ ಒಬ್ಬರಿಗೂ ಇದರ ಪರಿಚಯ ಇದ್ದ ಹಾಗಿಲ್ಲ."

ನಾನು ಅಕ್ಕನ ಮುಖ ನೋಡಿದೆ, ಅವಳು ನೆಲ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಶುರು ಮಾಡಿದಳು. ಆಷಾಢ ಏಕಾದಶಿಯಿಂದ ಚಾತುರ್ಮಾಸ್ಯ ಹಿಡಿಯಿತಲ್ಲ, ಮೊದಲನೇ ತಿಂಗಳು ಶಾಕವ್ರತ. ಸೊಪ್ಪು ಮುಟ್ಟೋ ಹಾಗಿಲ್ಲ, ತರಕಾರಿ ಮುಟ್ಟೋ ಹಾಗಿಲ್ಲ, ಹುಣಸೆಹಣ್ಣು ಮೆಣಸಿನಕಾಯಿ ಕೂಡ ಇಲ್ಲ. ಹೆಸರುಬೇಳೆ, ಕಾಳುಮೆಣಸು, ಅದೂ ದಿನಕ್ಕೆ ಒಂದೇ ಊಟ. ಅಂಥದ್ದರಲ್ಲಿ ಸೊಪ್ಪಿನ ಸಾರ ಹೇಗೆ ತಗೊಳ್ಳೋದು? ಬೇಡ ಅಂದರೆ ಪಾಪ ಬೇಜಾರು ಮಾಡಿಕೊಳ್ಳುತ್ತಾರೆ, ಮನೆಬಾಗಿಲಿಗೆ ಬಂದು ರಕ್ತ ಬೇರೆ ನೋಡುತ್ತಾರೆ ಅಂತ ಎಲ್ಲರೂ ಸುಮ್ಮನಿದ್ದೆವು. ತಿಂಗಳ ಕೊನೆಗೆ ನೋಡಿದರೆ ನುಂಗದೇ ಇಳಿದಿದೆ, ಇನ್ನು ಯಾಕೆ ನುಂಗಬೇಕು ಅಂತ ಆಮೇಲೂ ಬಿಟ್ಟೆವು. ಇಷ್ಟು ಹೇಳಿ ಒಳಗೆ ಹೋಗಿ ಒಂದು ಹಾರ್ಲಿಕ್ಸ್ ಬಾಟಲಿ ತಂದು ಹೊಸಿಲ ಮೇಲಿಟ್ಟಳು. ಕ್ಯಾಪ್ಸೂಲುಗಳು ಕತ್ತಿನವರೆಗೂ ಇದ್ದವು.

ನಾನು ಅದೇ ಮನೆತನದಲ್ಲಿ ಹುಟ್ಟಿದವಳು. ಅಮ್ಮ ಮಾಡಿದ ಶಾಕವ್ರತದ ಸಾರು ಉಂಡು ಬೆಳೆದವಳು. ಕ್ಯಾಂಟೀನ್ ಊಟಕ್ಕೆ ಬಿದ್ದ ಮೇಲೆ ಅದೆಲ್ಲ ಎಲ್ಲಿ ನೆನಪಿರುತ್ತೆ?

"ಔಷಧಿಗೆ ವ್ರತದಲ್ಲಿ ಅಡ್ಡಿ ಇಲ್ಲ ಅಲ್ವೇನಮ್ಮ?" ಅಂತ ಮೇಡಂ ಕೇಳಿದರು.

"ಔಷಧಿ ಆಗಿದ್ರೆ ತಗೋತಿದ್ವಿ ಮೇಡಂ" ಅಂದಳು ಅಕ್ಕ. "ನಿಮ್ಮವರೇ ಬಂದು ಔಷಧಿ ಅಲ್ಲ, ಬರೀ ಸೊಪ್ಪು ಅಂತ ಕೈಮುಗಿದು ಹೇಳಿಹೋದ್ರಲ್ಲ."

ಮೇಡಂ ನಕ್ಕರು. ಅವರು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು, ಹೆಂಗಸರಿಗೂ ಧೈರ್ಯ ಬಂದು ಅವರೂ ನಕ್ಕರು. ಇಲಿ ಚಾತುರ್ಮಾಸ್ಯ ಮಾಡೋದಿಲ್ಲ ಕಣ್ರೀ, ಅದು ನಮಗೆ ಹೊಳೀಲೇ ಇಲ್ಲ ಅಂತ ನನ್ನ ತೊಡೆಗೆ ತಟ್ಟಿದರು. ಆಮೇಲೆ ನಗು ನಿಂತಿತು, ಕಣ್ಣೀರು ನಿಲ್ಲಲಿಲ್ಲ. ಅಷ್ಟು ವರ್ಷದ ಕೆಲಸ ಆ ಹಾರ್ಲಿಕ್ಸ್ ಬಾಟಲಿಯಲ್ಲಿ ಕೂತಿತ್ತು.

ವಾಪಸ್ಸು ಬಸ್ಸಿನಲ್ಲಿ ಅವರ ಬ್ಯಾಗು ನಾನು ಹಿಡಿದುಕೊಂಡೆ.

ಸೋಮವಾರವೇ ಮ್ಯಾನೇಜರ ಮುಂದೆ ಹೋಗಿ, ಸೋಸಲೆಯ ರಿಪೋರ್ಟು ತೆಗೆದುಹಾಕಿ ಅಂದರಂತೆ. ಅದನ್ನು ತೆಗೆದರೆ ಉಳಿಯೋದು ಏನೂ ಇಲ್ಲ ಅಂದರಂತೆ ಅವರು. ಹಾಗಾದರೆ ನುಂಗದೇ ಇದ್ದರೆ ಕೊಬ್ಬು ಇಳಿಯುತ್ತೆ ಅಂತ ಪೆಟ್ಟಿಗೆ ಮೇಲೆ ಬರೀರಿ ಅಂದು ಎದ್ದು ಬಂದರಂತೆ. ಗಾಜಿನ ರೂಮು, ದನಿ ಕ್ಯಾಂಟೀನಿನವರೆಗೂ ಕೇಳಿಸಿತು. ಕೊನೆಗೆ ರಿಪೋರ್ಟು ತೆಗೆದರು, ಪೆಟ್ಟಿಗೆಯ ಮೇಲಿಂದ ಕೊಬ್ಬು ಅನ್ನೋ ಪದವನ್ನೂ ತೆಗೆದರು. ಮಹಿಳೆಯರ ಚೈತನ್ಯಕ್ಕೆ ಅಂತ ಹಾಕಿದರು. ಆ ಚೈತನ್ಯ ಈಗಲೂ ನನ್ನ ಕೈಯಿಂದಲೇ ಲಾರಿ ಹತ್ತುತ್ತೆ. ಮೇಡಂ ಅವರನ್ನು ಲ್ಯಾಬಿನಿಂದ ಕಚ್ಚಾ ಮಾಲಿನ ಗೋಡೌನಿಗೆ ಹಾಕಿದರು. ಇನ್ನೊಂದು ಕಂಪನಿಗೆ ಹೋಗುತ್ತಾರಂತೆ ಅಂದಿದ್ದವರೆಲ್ಲ ಬಾಯಿ ಮುಚ್ಚಿಕೊಂಡರು. ಅವರು ಎಲ್ಲಿಗೂ ಹೋಗಲಿಲ್ಲ. ಗೋಡೌನಿನ ಧೂಳಿನಲ್ಲಿ ಕೂತು ಎಲೆ ಅಗಿದು ಉಗಿಯುತ್ತಾ ಸರ್ವಿಸ್ ಮುಗಿಸಿದರು.

ಆದರೆ ಅಕ್ಕನದು ಮುಗಿದಿರಲಿಲ್ಲ. ವ್ರತದಿಂದಲೇ ಇಳಿಯಿತಲ್ಲ, ಇನ್ನು ಮಾತ್ರೆ ಯಾಕೆ ಅನ್ನೋ ಹೊಸ ಹಟ ಹಿಡಿದಳು. ಮೇಡಂ ಜಗಳ ಆಡಲಿಲ್ಲ. ಇರಬಹುದು, ನೋಡೋಣ, ವ್ರತ ಮುಗಿದು ಸ್ವಲ್ಪ ದಿನ ಆಗಲಿ, ಇನ್ನೊಂದು ಸಲ ರಕ್ತ ಕೊಡಿ ಅಂದರು. ಕಾರ್ತಿಕದಲ್ಲಿ ವ್ರತ ಬಿಟ್ಟರು. ಒಪ್ಪೊತ್ತು ಹೋಗಿ ಮೂರು ಹೊತ್ತಾಯಿತು, ಹಬ್ಬ, ಮದುವೆ, ಹೋಳಿಗೆ, ತುಪ್ಪ. ಮಾರ್ಗಶಿರದಲ್ಲಿ ನೋಡಿಸಿದರೆ ಕೊಬ್ಬು ಮೊದಲಿದ್ದ ಜಾಗಕ್ಕೇ ಬಂದು ಕೂತಿತ್ತು. ರಿಪೋರ್ಟು ತೆಗೆದುಕೊಂಡು ಮೇಡಂ ಮತ್ತೆ ಹೊರಟರು, ಈ ಸಲ ನಾನು ಅವರಿಗೆ ಸೀಟು ಹಿಡಿದೆ.

ಅಕ್ಕ ರಿಪೋರ್ಟು ನೋಡಿದಳು, ಮುಖ ಸಪ್ಪಗಾಯಿತು. ಆದರೂ ಬಿಡಲಿಲ್ಲ. ಈ ಕಂಪನಿಯವರೂ ಹೇಳ್ತಾರೆ, ಡಾಕ್ಟರೂ ಹೇಳ್ತಾರೆ, ಯಾರನ್ನ ನಂಬೋದು, ನೀವು ತಗೋತೀರಾ ಆ ಮಾತ್ರೆ ಅಂತ ನೇರವಾಗಿ ಕೇಳಿಬಿಟ್ಟಳು. ಮೇಡಂ ಬ್ಯಾಗು ತೆರೆದು ಆ ಪಟ್ಟಿ ತೆಗೆದು ಹೊಸಿಲ ಮೇಲಿಟ್ಟರು. ಅರ್ಧ ಖಾಲಿಯಾಗಿತ್ತು. ನಾನು ಊರೆಲ್ಲ ಸಾರಿದ್ದ ಅದೇ ಬಣ್ಣದ ಪಟ್ಟಿ.

"ನಂಗೆ ಮೂವತ್ತೈದಕ್ಕೇ ನಿಂತೋಯ್ತು ಕಣಮ್ಮ" ಅಂದರು. ಆ ಹೊತ್ತಿನಲ್ಲಿ ಅವರ ಮಾತು ಛತ್ರದ ಕಡೆಯದೇ ಆಗಿತ್ತು. "ತಾನಾಗಿ ನಿಲ್ಲಲಿಲ್ಲ, ತೆಗೆಸಿಬಿಟ್ರು. ಗರ್ಭಕೋಶ, ಅಂಡಾಶಯ ಎಲ್ಲ. ಸ್ವಲ್ಪ ರಕ್ತ ಜಾಸ್ತಿ ಓಗ್ತಿತ್ತು, ಅಷ್ಟೇಯ. ಡಾಕ್ಟರು ತೆಗೀಬೇಕು ಅಂದ್ರು, ಗಂಡ ಹೂಂ ಅಂದ, ನಾನು ಓಗಿ ಮಲಗಿದೆ. ಯಾಕೆ ಅಂತ ಒಂದು ಮಾತು ಕೇಳಲಿಲ್ಲ. ಬೇಕಾಗಿರಲಿಲ್ಲ ಅಂತ ಆಮೇಲೆ ಇನ್ನೊಬ್ರು ಡಾಕ್ಟರು ಅಂದ್ರು. ಮಕ್ಕಳಾಗಲ್ಲ ಅಂತ ಗಂಡ ಬೇರೆ ಮದುವೆ ಆದ. ಅವತ್ತಿನಿಂದ ನಾನು ಯಾರು ಏನು ಹೇಳಿದ್ರೂ ಕೇಳ್ತೀನಿ, ಯಾರು ಹೇಳಿದ್ದು ಅಂತ."

ಭಾವ ಎದ್ದು ಜಗಲಿಗೆ ಹೋದರು. ಮೇಡಂ ಪಟ್ಟಿಯನ್ನು ಬೆರಳಿನಿಂದ ಅಕ್ಕನ ಕಡೆ ತಳ್ಳಿದರು.

"ಆ ಇಲಿಗಳಿಗೂ ನನಗೂ ಆಗಿದ್ದು ಒಂದೇ. ಅದಕ್ಕೇ ಆ ಸೊಪ್ಪಿನ ಹಿಂದೆ ಬಿದ್ದೆ. ಅದು ಕೆಲಸ ಮಾಡಲಿ ಅಂತ ನನಗಿಂತ ಆಸೆ ಪಟ್ಟೋರು ಯಾರೂ ಇಲ್ಲ. ಈ ಮಾತ್ರೆನೂ ನಾನು ಕಣ್ಮುಚ್ಚಿ ನಂಬಿಲ್ಲ. ಆಗಾಗ ರಕ್ತ ಕೊಟ್ಟು ನೋಡ್ತೀನಿ. ವ್ರತ ಇಲ್ಲ, ಉಪವಾಸ ಇಲ್ಲ, ಆದ್ರೂ ಇಳಿದೇ ಇದೆ. ನನಗೆ ಗೊತ್ತಿರೋದು ಇಷ್ಟೇ. ನೀವೂ ನಂಬಬೇಡಿ, ನುಂಗಿ ನೋಡಿ."

ನಂಬಬೇಡಿ ಅಂತ ಹೇಳಿ ಮಾತ್ರೆ ಕೊಟ್ಟವರನ್ನು ಅಕ್ಕ ಕಂಡಿರಲಿಲ್ಲ. ತನ್ನ ಪಟ್ಟಿಯನ್ನು ದೇವರ ಗೂಡಿನ ಪಕ್ಕದಿಂದ ತಂದಳು. ಅದನ್ನು ಮೇಡಂ ಕೈಗೆ ತಗೊಂಡು ತಾರೀಖು ನೋಡಿ, ಎಂದೋ ಮುಗಿದಿದೆ, ಇದನ್ನು ಬಿಸಾಕಿ, ಹೊಸದು ತನ್ನಿ ಅಂದರು. ನಾನು ಭಾವನ ಸ್ಕೂಟರಿನಲ್ಲಿ ನರಸೀಪುರಕ್ಕೆ ಹೋಗಿ ಡಾಕ್ಟರಿಂದ ಹೊಸದಾಗಿ ಬರೆಸಿ ತಂದೆ.

ಅಕ್ಕ ರಾತ್ರಿ ಊಟವಾದ ಮೇಲೆ ನುಂಗತೊಡಗಿದಳು. ಒಂದೇ ತೊಡಕು. ಏಕಾದಶಿ ದಿನ ಅವಳು ಊಟ ಇರಲಿ, ನೀರೂ ಮುಟ್ಟೋದಿಲ್ಲ. ಮೇಡಂ ಮಠದ ಆಚಾರ್ಯರನ್ನೇ ಹೋಗಿ ಕೇಳಿದರು. ವೈದ್ಯರು ಕೊಟ್ಟ ಔಷಧಕ್ಕೆ ದೋಷವಿಲ್ಲ, ಒಂದು ಗುಟುಕು ನೀರಿನಲ್ಲಿ ನುಂಗಬಹುದು ಅಂದರು ಅವರು. ಮೇಡಂ ಬಿಡಲಿಲ್ಲ, ಯಾರು ಹೇಳಿದ್ದು ಅಂದರಂತೆ. ಆಚಾರ್ಯರು ನಕ್ಕು ಒಂದು ಶ್ಲೋಕ ಹೇಳಿದರಂತೆ. ಅದರ ಅರ್ಥ ಬಿಡಿಸಿಕೊಂಡ ಮೇಲೇ ಎದ್ದು ಬಂದರಂತೆ.

ಅವತ್ತಿನಿಂದ ಪ್ರತಿ ಏಕಾದಶಿ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಕ್ಕನಿಗೆ ಅವರ ವೀಡಿಯೋ ಕಾಲ್ ಬರುತ್ತಿತ್ತು. ಬೇರೆ ದಿನ ಅಕ್ಕನ ಮೇಲೆ ನಂಬಿಕೆ, ಏಕಾದಶಿ ಒಂದು ದಿನ ಇಲ್ಲ. ನುಂಗಿದ್ರಾ ಅನ್ನೋರು. ಹೂಂ ಅಂದರೆ ತೋರಿಸಿ ಅನ್ನೋರು. ಅಕ್ಕ ಪಟ್ಟಿ ತೋರಿಸಬೇಕು, ಆಮೇಲೆ ಬಾಯಿ ತೆಗೆಯಬೇಕು, ನಾಲಿಗೆ ಎತ್ತಬೇಕು. ಅನುಮಾನದಮ್ಮ ಅಂತ ಈಗ ಅಕ್ಕನೂ ಕರೆಯುತ್ತಿದ್ದಳು, ಆದರೆ ಸಂಜೆಯಾದರೆ ಫೋನನ್ನು ತುಳಸಿಕಟ್ಟೆಯ ಪಕ್ಕ ತಂದಿಟ್ಟುಕೊಂಡು ಕಾಯುತ್ತಿದ್ದಳು. ಅವರು ರಿಟೈರ್ ಆದಮೇಲೂ ಅದು ತಪ್ಪಲಿಲ್ಲ. ಅಕ್ಕನ ರಕ್ತ ಈಗ ಹತೋಟಿಯಲ್ಲಿದೆ. ಅಮ್ಮ ಹೋದ ವಯಸ್ಸನ್ನು ದಾಟಿದಳು.

ಅವರು ಸತ್ತ ಸುದ್ದಿ ಕೇಳಿ ಕ್ಯಾಂಟೀನಿನಲ್ಲಿ ಒಬ್ಬ, ಅಷ್ಟೆಲ್ಲ ಹುಷಾರಾಗಿದ್ದು ಏನು ಬಂತು, ಆ ಇಂಗ್ಲಿಷ್ ಮಾತ್ರೆನೇ ತಿಂದಾಕಿರಬೇಕು ಅಂದ. ಯಾರು ಹೇಳಿದ್ದು ನಿನಗೆ ಅಂತ ನಾನು ಎದ್ದು ನಿಂತೇ ಕೇಳಿದೆ. ಅವನು ಇನ್ಯಾರದೋ ಹೆಸರು ಹೇಳಿದ. ಅವನಿಗೆ ಯಾರು ಹೇಳಿದ್ದು ಅಂದೆ. ಅವನು ಕಾಫಿ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಮೊನ್ನೆ ಏಕಾದಶಿ. ಕೆಲಸ ಮುಗಿಸಿ ಮನೆಗೆ ಬಂದು, ದೀಪ ಹಚ್ಚಿ, ಅಕ್ಕನಿಗೆ ವೀಡಿಯೋ ಕಾಲ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ತುಳಸಿಕಟ್ಟೆಯ ಪಕ್ಕದಲ್ಲೇ ಕೂತಿದ್ದಳು, ಕಣ್ಣು ಕೆಂಪಾಗಿತ್ತು.

"ನುಂಗಿದ್ಯೇನೇ?" ಅಂದೆ.

"ಹೂಂ" ಅಂದಳು.

"ತೋರಿಸು."

ಪಟ್ಟಿ ಎತ್ತಿ ಹಿಡಿದಳು. ಆ ದಿನದ ಮಾತ್ರೆ ಅಲ್ಲೇ ಇತ್ತು. ಅವರು ಕೇಳಲಿ ಅಂತ ಕಾಯ್ತಾ ಕೂತಿದ್ದೆ ಕಣೆ, ಅಭ್ಯಾಸ ಆಗಿಹೋಗಿದೆ ಅಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನೂ ಅತ್ತೆ. ಅಳ್ತಾ ಅಳ್ತಾನೇ ನುಂಗು ಅಂದೆ. ಉದ್ಧರಣೆಯಲ್ಲಿ ಒಂದು ಗುಟುಕು ನೀರು ಬಾಯಿಗೆ ಬಿಟ್ಟುಕೊಂಡು ನುಂಗಿದಳು. ಬಾಯಿ ತೆಗೆದಳು.

"ನಾಲಿಗೆ ಎತ್ತು" ಅಂದೆ.